ಆರ್ಡರ್ ಅದರೀ!

ರಾಜ್ಯ ಸರ್ಕಾರದ ನೌಕರರಿಗೆ 60 ತುಂಬಿದರೆ ಶಾಲು ಹೊದಿಸಿ, ಹಾರ ಹಾಕಿ, ಫಲಪುಷ್ಪ ಕೊಟ್ಟು ಮನೆಗೆ ಕಳಿಸುತ್ತಾರೆ. ನನ್ನ ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ‘ವಿಶ್ರಾಂತ ಜೀವನ’ ಹಾರೈಸಿದರು. ಅದು ಎಲ್ಲಿ ಸಿಗುತ್ತದೆಂದು ಮಾತ್ರ ಯಾರೂ ಹೇಳಲಿಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ನೌಕರಿ ಮುಗಿದದ್ದೇ ಕಸೂತಿ! ಅದಕ್ಕೆಂದೇ ವರ್ಷಗಟ್ಟಲೆ ಧಾರವಾಡದ ಪೇಟೆಯಿಂದ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಬಣ್ಣಬಣ್ಣದ ದಾರದ ಲಡಿ ತಂದು ಟ್ರಂಕು ತುಂಬಿದ್ದೆ. ಮಗಳ ಮದುವೆಗೆಂದು ತಂದ ಕಪ್ಪು ಚಂದ್ರಕಾಳಿ ಸೀರೆ ಈಗ ಮೊಮ್ಮಗಳ ಮದುವೆಯ ದಾರಿ ಕಾಯುತ್ತಿದೆ.

ಕಸೂತಿಗೆ ವೇಳೆಯಷ್ಟೇ ಬೆಳಕೂ ಬೇಕು. ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹಾಕುವ ಕೆಲಸವಲ್ಲ. ಎಳೆ ಎಣಿಸಿಯೇ ಹಾಕಬೇಕು. ಕಪ್ಪು ಸೀರೆಯ ಎಳೆ ನನ್ನ ಕಣ್ಣಿಗೆ ನೆಟ್ಟಗೆ ಕಾಣುವುದು ಬೆಳಗಿನ 10ರಿಂದ 12ರವರೆಗೆ, ಪಡಸಾಲೆಯ ಕಿಟಕಿಯ ಹತ್ತಿರ. ಊರಿಗೆಲ್ಲ ನನ್ನ ನೆನಪಾಗುವುದೂ ಅದೇ ಹೊತ್ತಿಗೆ.

ಗವಂತಿ ಹೊಲಿಗೆಯನ್ನೇ ನೋಡಿ. ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತ ಹೋಗಿ, ಮರಳಿ ಬರುವಾಗ ಬಿಟ್ಟ ಜಾಗ ತುಂಬುತ್ತ ಬರಬೇಕು. ಗಂಟು ಹಾಕುವಂತಿಲ್ಲ. ಸೀರೆಯನ್ನು ಒಳಮಗ್ಗಲು ತಿರುವಿದರೂ ಅದೇ ಚಿತ್ರ ಕಾಣಬೇಕು. ಹೋಗುವುದೇನೋ ಸುಸೂತ್ರ, ಬರುವ ದಾರಿಯಲ್ಲೇ ವಿಘ್ನ.

“ನನ್ನ ಚಾಳೀಸು ಎಲ್ಲೆ ಅದ?” ಒಳಗಿಂದ ಯಜಮಾನರು.

“ಟೇಬಲ್ ಮ್ಯಾಲೆ.”

“ಯಾವ ಟೇಬಲ್?”

ಮನೆಯಲ್ಲಿರುವುದು ಒಂದೇ ಟೇಬಲ್. ಎದ್ದು ಹೋಗಿ ಕೊಟ್ಟು ಬರುವಷ್ಟರಲ್ಲಿ ಎಣಿಸಿದ ಎಳೆ ಮರೆತಿರುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ: “ಅಕ್ಕೋರ, ಹ್ಯಾಂಗೂ ಮನ್ಯಾಗ ಇರ್ತೀರಿ, ಸಿಲಿಂಡರ್ ಬಂದ್ರ ಇಳಿಸಿಕೊಳ್ರಿ.” ಆಮೇಲೆ ಬೆಂಗಳೂರಿನಿಂದ ಮಗಳ ವಿಡಿಯೋ ಕಾಲ್: “ಅವ್ವಾ, ಖಾಲಿ ಇದ್ದೀಯಲ್ಲ, ಒಂದಿಷ್ಟು ಚಟ್ನಿಪುಡಿ ಮಾಡಿ ಕಳಿಸು.” ಹೀಗಾಗಿ ಸೀರೆಯ ಮೇಲೆ ಅಂಬಾರಿ ಸಿದ್ಧವಾಗಿ ಎಷ್ಟೋ ದಿನವಾದರೂ ಕೆಳಗಿನ ಆನೆಗೆ ಕಾಲು ಬಂದಿರಲಿಲ್ಲ.

ಒಂದು ದಿನ ಪಕ್ಕದಾಕೆ, “ಏನ್ ಮಾಡ್ಲಿಕತ್ತೀರಿ?” ಎಂದಾಗ, ಬಾಯಿಗೆ ಬಂದಂತೆ “ಆರ್ಡರ್ ಅದರೀ” ಎಂದುಬಿಟ್ಟೆ. ಆಕೆಯ ದನಿ ತಟ್ಟನೆ ತಗ್ಗಿತು.

“ಹೌದ? ಎಷ್ಟ ಕೊಡ್ತಾರ್ರೀ?”

“ಇನ್ನೂ ಮಾತಾಗಿಲ್ಲ.”

ಅಷ್ಟೇ. ಸಿಲಿಂಡರು ಬೇರೆ ಮನೆಯಲ್ಲಿ ಇಳಿಯತೊಡಗಿತು. ಮಗಳು ರಾತ್ರಿ ಫೋನ್ ಮಾಡತೊಡಗಿದಳು. ಯಜಮಾನರಿಗೆ ಚಾಳೀಸು ತಾನಾಗಿಯೇ ಸಿಗಹತ್ತಿತು, ಒಂದು ದಿನ ತಾವೇ ಚಹಾ ಮಾಡಿ ತಂದು, “ಪಾರ್ಟಿ ಯಾವಾಗ ಒಯ್ತಾರ?” ಎಂದು ಪಿಸುಗುಟ್ಟಿದರು. ಆರ್ಡರ್ ಕೊಟ್ಟವಳೂ ನಾನೇ, ಹಿಡಿದವಳೂ ನಾನೇ. ಗಡುವಿಲ್ಲ, ರೇಟಿನ ಜಗಳವಿಲ್ಲ. ಆನೆಗೆ ನಾಲ್ಕೂ ಕಾಲು ಬಂದಿವೆ.

ನಮ್ಮಲ್ಲಿ ಹೆಂಗಸಿನ ಆಸೆಗೆ ಎರಡು ತಾಸು ಸಿಗುವುದಿಲ್ಲ, ದುಡ್ಡು ಬರುವ ಕೆಲಸಕ್ಕಾದರೆ ದಿನಪೂರ್ತಿ ಸಿಗುತ್ತದೆ. ಆದ್ದರಿಂದ ನಿವೃತ್ತಿಯ ಹತ್ತಿರ ಬಂದಿರುವ ಅಕ್ಕತಂಗಿಯರೇ, ಸೀರೆ, ದಾರ ಆಮೇಲೆ ಕೊಳ್ಳಿರಿ. ಮೊದಲು ಒಂದು ಆರ್ಡರ್ ಹಿಡಿಯಿರಿ. ಎಷ್ಟು ಕೊಡ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಯಾರು ಕೊಟ್ಟರು ಎಂದು ಯಾರೂ ಕೇಳುವುದಿಲ್ಲ.