ಕರಾವಳಿಯ ಘಟಿಕೋತ್ಸವ ನಿಲುವಂಗಿ: ಒಂದು ಸಾಂಸ್ಕೃತಿಕ ಅಧ್ಯಯನ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಪದವೀಧರರು ಪದವಿ ಪಡೆಯುವ ದಿನ ಏನು ಉಡಬೇಕು ಎಂಬ ಗಹನ ಪ್ರಶ್ನೆಯನ್ನು ಪೂರ್ವಸೂರಿಗಳು ಯಾರೂ ಸಮಗ್ರ ಪರಿಪ್ರೇಕ್ಷ್ಯದಲ್ಲಿಟ್ಟು ಅನುಸಂಧಾನಕ್ಕೆ ಒಳಪಡಿಸದಿರುವುದು ವಿಷಾದನೀಯ. ಆ ಕೊರತೆಯನ್ನು ಕಿಂಚಿತ್ ತುಂಬುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ಅಧ್ಯಯನದ ವ್ಯಾಪ್ತಿ: ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಶಿರೂರಿನ ಗಡಿ, ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ. ಅಧ್ಯಯನದ ಮಿತಿ: ಸೆಕೆ. ದೇಹ, ಅಧಿಕಾರ, ಬಟ್ಟೆ ಎಂಬ ತ್ರಿಕೋನಾತ್ಮಕ ಸಂಕಥನದ ನೆಲೆಯಲ್ಲಿ ಘಟಿಕೋತ್ಸವದ ಉಡುಪನ್ನು ನಾಲ್ಕು ಘಟಕಗಳಾಗಿ ವರ್ಗೀಕರಿಸಬಹುದು. ಮೊದಲನೆಯದು ಕಾಯಾವರಣ, ಅಂದರೆ ಗೌನು. ಎರಡನೆಯದು ಶಿರೋಫಲಕ, ಅಂದರೆ ಗಾರೆ ಕೆಲಸದವರ ಹಲಗೆಯಂತಿರುವ ಚೌಕ ಟೊಪ್ಪಿ. ಮೂರನೆಯದು ಪೃಷ್ಠಲಂಬಿ ಮುಸುಕು. ನಾಲ್ಕನೆಯದು ಟೊಪ್ಪಿಯಿಂದ ಇಳಿಬಿದ್ದು ಮೂಗಿನ ಮುಂದೆ ಆಡುವ ದೋಲಾಯಮಾನ ಗೊಂಡೆ. ಇವುಗಳ ಉಪವಿಭಾಗ ಹದಿನೇಳು. ಓದುಗರ ಮೇಲೆ ಕರುಣೆಯಿಟ್ಟು ಅವನ್ನು ಇಲ್ಲಿಗೇ ಕೈಬಿಡಲಾಗಿದೆ.

ಕಾಯಾವರಣದ ಚರಿತ್ರೆಯಲ್ಲಿ ಗಹನವಾದದ್ದೇನೂ ಇಲ್ಲ. ಮಧ್ಯಯುಗದ ಯುರೋಪಿನಲ್ಲಿ ಓದುವವರು ಹೆಚ್ಚಾಗಿ ಚರ್ಚಿಗೆ ಸೇರಿದವರು. ಕಲ್ಲಿನ ಕಟ್ಟಡ, ಕೊರೆಯುವ ಚಳಿ. ಹಾಗಾಗಿ ಕಾಲ್ಮಟ್ಟದ ನಿಲುವಂಗಿ, ತಲೆಗೆ ಮುಸುಕು. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳಾದಾಗ ಪಠ್ಯದ ಜೊತೆಗೆ ಆ ಚಳಿಯೂ ಆಮದಾಯಿತು. ಚಳಿ ಹಡಗಿನಲ್ಲೇ ಕರಗಿಹೋದರೂ ಅಂಗಿ ಉಳಿಯಿತು. ಇಂದು ಅದು ಉಣ್ಣೆಯದಲ್ಲ, ಬಾಡಿಗೆ ಪಾಲಿಯೆಸ್ಟರಿನದು. ಕಾಲರಿನ ಒಳಮೈಯಲ್ಲಿ ಹಿಂದಿನ ತಂಡದವರ ಪೌಡರಿನ ಬಿಳಿ, ಹೆಗಲಿನ ಹತ್ತಿರ ಸೇಫ್ಟಿ ಪಿನ್ನು ಚುಚ್ಚಿ ಚುಚ್ಚಿ ಸಡಿಲಾದ ತೂತು, ಕಂಕುಳಲ್ಲಿ ಯಾರದೋ ಬೆವರಿನ ಉಪ್ಪುಗೆರೆ.

ಉಡುಪಿನಿಂದ ಆ ದಿನದ ಘನತೆ ಹೆಚ್ಚುತ್ತದೆ ಎಂಬುದು ಗೌನುವಾದಿಗಳ ಮೊದಲ ವಾದ. ಇದನ್ನು ಪರೀಕ್ಷಿಸಲು ಈ ಸೀಮೆಯಲ್ಲೇ ಒಳ್ಳೆಯ ಪ್ರಯೋಗಶಾಲೆಯಿದೆ. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಯಕ್ಷಗಾನ ಮೇಳ 1934ರಿಂದ ಆಟ ಆಡುತ್ತಿದೆ. ಅಲ್ಲಿ ಕಲಾವಿದ ಚೌಕಿಯಲ್ಲಿ ಕನ್ನಡಿ ಹಿಡಿದು ಕೂತು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಕೇದಗೆ ಮುಂದಲೆಯೋ ಕಿರೀಟವೋ ಕಂಡ ಕೂಡಲೇ, ಅವನು ಬಾಯಿ ಬಿಡುವ ಮೊದಲೇ, ಬಂದದ್ದು ಎಂಥ ಪಾತ್ರವೆಂದು ಹಿಂದಿನ ಸಾಲಿನ ಅಜ್ಜಿಗೂ ತಿಳಿಯುತ್ತದೆ. ಗೌನು ಏನು ತಿಳಿಸುತ್ತದೆ? ಮುಸುಕಿನ ಬಣ್ಣದಿಂದ ನಿಕಾಯ ಗೊತ್ತಾಗಬೇಕೆಂದು ಶಾಸ್ತ್ರ. ಬಾಡಿಗೆ ಅಂಗಡಿಯಲ್ಲಿ ಯಾವ ಬಣ್ಣ ಮಿಕ್ಕಿದೆಯೋ ಅದೇ ನಿಕಾಯ ಎಂಬುದು ಆಚಾರ. ಅದೇ ಅಂಗಡಿಯ ಸಣ್ಣ ಸೈಜು ಈಗ ಯುಕೆಜಿ ಮುಗಿಸಿದ ಮಕ್ಕಳ ಮೈಮೇಲೂ ಏರುತ್ತಿದೆ. ಮೂಗು ಸೋರುವ ಕೂಸಿಗೂ ಬಿ.ಎ. ಮುಗಿಸಿದವಳಿಗೂ ಒಂದೇ ಘನತೆ ಬಾಡಿಗೆಗೆ ಸಿಗುತ್ತದೆ ಎಂದಮೇಲೆ ಆ ಘನತೆಯ ತೂಕವನ್ನು ಬೇರೆ ಅಳೆಯಬೇಕಿಲ್ಲ.

ಎರಡನೆಯ ವಾದ ಗಟ್ಟಿಯಾದದ್ದು: ಗೌನು ಬಡವ ಬಲ್ಲಿದರ ಭೇದವನ್ನು ಮುಚ್ಚುತ್ತದೆ. ರೇಷ್ಮೆ ಸೀರೆಯವಳೂ ಅಕ್ಕನ ಚೂಡಿದಾರದವಳೂ ಕರಿಬಟ್ಟೆಯೊಳಗೆ ಒಂದೇ. ಇದರಲ್ಲಿ ಸತ್ಯವಿದೆ, ಒಪ್ಪಬೇಕು. ಆದರೆ ಗೌನು ಮೊಣಕಾಲಿನ ಕೆಳಗೆ ನಿಲ್ಲುತ್ತದೆ, ಚಪ್ಪಲಿ ಕಾಣುತ್ತದೆ. ಬಾಡಿಗೆಯ ಜೊತೆ ಡೆಪಾಸಿಟ್ಟು ಕಟ್ಟುವಾಗ ಯಾರ ಕೈ ತಡೆಯಿತೆಂಬುದೂ ಕೌಂಟರಿನವನಿಗೆ ಕಾಣುತ್ತದೆ. ಮೂರು ವರ್ಷ ಫೀಸಿನಲ್ಲಿ, ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ ಇಲ್ಲದ ಸಮಾನತೆಯನ್ನು ಮೂರು ತಾಸಿನ ಬಟ್ಟೆಯಲ್ಲಿ ಕೊಟ್ಟು ಫೋಟೋ ತೆಗೆಯುವುದಕ್ಕೆ ಸಮಾನತೆ ಎನ್ನಲು ನಾಲಿಗೆ ಏಳುವುದಿಲ್ಲ.

ಮೂರನೆಯವರು ಸ್ವದೇಶಿವಾದಿಗಳು. 2010ರಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಭೋಪಾಲದ ವೇದಿಕೆಯ ಮೇಲೆಯೇ ಗೌನನ್ನು ಕಳಚಿ, ಅದು ವಸಾಹತುಶಾಹಿಯ ಅನಾಗರಿಕ ಅವಶೇಷವೆಂದರು. 2015ರಲ್ಲೂ 2019ರಲ್ಲೂ ಯುಜಿಸಿ ಕೈಮಗ್ಗದ ಉಡುಪು ಬಳಸಿ ಎಂದಿತು. 2024ರ ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತನ್ನ ವೈದ್ಯಕೀಯ ಸಂಸ್ಥೆಗಳಿಗೆ ಕರಿ ಗೌನು ಬಿಟ್ಟು ಆಯಾ ರಾಜ್ಯದ ಸಂಪ್ರದಾಯಕ್ಕೆ ತಕ್ಕ ಉಡುಪು ರೂಪಿಸಿ ಎಂದಿತು. ಕೈಮಗ್ಗದವರಿಗೆ ನಾಲ್ಕು ಕಾಸು ಸಿಕ್ಕರೆ ಸಂತೋಷವೇ. ಆದರೆ ರಾಜ್ಯದ ಸಂಪ್ರದಾಯ ಎಂದರೆ ಯಾರದು? ಈ ಮೂರು ತಾಲೂಕುಗಳಲ್ಲೇ ಹಾಲಕ್ಕಿ, ನಾಮಧಾರಿ, ಹವ್ಯಕ, ಕೊಂಕಣಿ, ಖಾರ್ವಿ, ನವಾಯತ, ಕ್ರಿಶ್ಚಿಯನ್ ಮನೆಗಳ ಹಬ್ಬದ ಉಡುಗೆ ಬೇರೆ ಬೇರೆ. ಸುತ್ತೋಲೆ ಒಂದನ್ನು ಆರಿಸಿದರೆ ಉಳಿದವರಿಗೆ ಅದೂ ಬಾಡಿಗೆ ವೇಷವೇ. ಪಕ್ಕದ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡದ್ದು ಹಾಲಕ್ಕಿ ಹೆಂಗಸರು ನಿತ್ಯ ಉಡುವ ರೀತಿಯಲ್ಲಿ: ಹೆಗಲಿಗೆ ಗಂಟು ಹಾಕಿದ ಸೀರೆ, ಕೊರಳು ತುಂಬ ಮಣಿಸರ, ಬರಿಗಾಲು. ದೇಶದ ಅತಿ ದೊಡ್ಡ ಮನೆಯಲ್ಲಿ ನಡೆಯುವುದು ಕಾಲೇಜಿನ ಸಭಾಭವನದಲ್ಲಿ ಏಕೆ ನಡೆಯದು? ಅವರವರ ಮನೆಯ ಮದುವೆಗೆ, ತೇರಿಗೆ, ಈದಿಗೆ, ಕ್ರಿಸ್ಮಸ್ಸಿಗೆ ಉಡುವುದನ್ನೇ ಉಟ್ಟು ಬರಲಿ ಎಂಬುದು ಈ ಪ್ರಬಂಧದ ವಾದ. ಹಾಗಾದರೆ ಶಿಸ್ತು ಎಲ್ಲಿ ಎಂದು ಕೇಳುವವರು ಯಾವುದಾದರೂ ಮದುವೆ ಮನೆಯನ್ನು ನೋಡಲಿ. ಯಾವ ಸುತ್ತೋಲೆಯೂ ಇಲ್ಲದೆ ಅಲ್ಲಿ ಜನ ಮೈ ತುಂಬ ಬಟ್ಟೆ ಉಟ್ಟೇ ಬಂದಿರುತ್ತಾರೆ.

ಇನ್ನು ವರ್ಗೀಕರಣದ ಮೂರನೆಯ ಘಟಕ, ಮುಸುಕು. ಪ್ರಬಂಧದ ಗಾಂಭೀರ್ಯ ಇಲ್ಲಿ ನಿಲ್ಲುವುದಿಲ್ಲ. ಈಗ ಬೆನ್ನ ಮೇಲೆ ಬಣ್ಣದ ಅಂಚಿನೊಡನೆ ತೂಗುವ ಈ ಬಟ್ಟೆ ಮೂಲದಲ್ಲಿ ಚರ್ಚಿನವರು ತಲೆ ಮುಚ್ಚಿಕೊಳ್ಳುತ್ತಿದ್ದ ಮುಸುಕು. ಹಿಜಾಬ್ ಕುರಿತ 2022ರ ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಎರಡಾಗಿ ಒಡೆದ ತೀರ್ಪು ಎಲ್ಲರಿಗೂ ನೆನಪಿದೆ. ಆ ವರ್ಷ ಈ ರಾಜ್ಯದಲ್ಲಿ ತಲೆಯ ಮೇಲಿನ ಒಂದು ಬಟ್ಟೆಗಾಗಿ ಹುಡುಗಿಯರು ಗೇಟಿನ ಹೊರಗೆ ನಿಂತರು. ಕೆಲವರು ಪರೀಕ್ಷೆ ಬಿಟ್ಟರು. ನ್ಯಾಯಾಲಯದ ತರ್ಕಗಳು ಏನೇ ಇರಲಿ, ಒಂದು ಪಾದ್ರಿಯ ಮುಸುಕನ್ನು ವಿದ್ಯೆಯ ಲಾಂಛನವೆಂದು ಬೆನ್ನಿಗೆ ಕಟ್ಟಿ, ಇನ್ನೊಂದು ಮುಸುಕು ವಿದ್ಯೆಗೆ ಅಡ್ಡಿಯೆಂದು ಗೇಟು ಹಾಕಿದವರು ಉಡುಪಿನ ಔಚಿತ್ಯದ ಬಗ್ಗೆ ಯಾರಿಗೂ ಪಾಠ ಹೇಳುವ ಅಧಿಕಾರ ಉಳಿಸಿಕೊಂಡಿಲ್ಲ. ಆ ವರ್ಷ ಓದು ಬಿಟ್ಟ ಹುಡುಗಿಗೆ ಗೌನು ಪಾಲಿಯೆಸ್ಟರಿನದೋ ಖಾದಿಯದೋ ಎಂದು ಕೇಳಿ ಏನು ಪ್ರಯೋಜನ? ನಾಲ್ಕನೆಯ ಘಟಕವಾದ ಗೊಂಡೆಯ ಗೊಡವೆ ಇನ್ನು ಬೇಡ.

ಕೊನೆಯದಾಗಿ, ಈ ತಾಲೂಕುಗಳ ಬಹುಪಾಲು ಪದವೀಧರರಿಗೆ ನಿಜವಾದ ಘಟಿಕೋತ್ಸವ ಇರುವುದೇ ಘಟ್ಟದ ಮೇಲೆ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮಾಡಿದವರಿಗೆ ಧಾರವಾಡ, ಇಂಜಿನಿಯರಿಂಗ್ ಮಾಡಿದವರಿಗೆ ಬೆಳಗಾವಿ. ಕರ್ನಾಟಕ ವಿಶ್ವವಿದ್ಯಾಲಯ ತಾನೇ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಧಾರವಾಡಕ್ಕೆ ವಲಸೆ ಬಂದದ್ದು, ಹಾಗಾಗಿ ಪ್ರಯಾಣದ ಕಷ್ಟ ಅದಕ್ಕೆ ಗೊತ್ತಿರಬೇಕು. ಭಟ್ಕಳದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಘಾಟಿ. ಬೆಳಗಿನ ಸಮಾರಂಭಕ್ಕೆ ಹಿಂದಿನ ದಿನವೇ ಹೊರಡಬೇಕು. ಅವ್ವನೂ ಬರುವುದಾದರೆ ಲಾಡ್ಜು, ಊಟ, ಒಂದು ದಿನದ ಕೂಲಿ ಖೋತಾ. ಹಾಗಾಗಿ ಎಷ್ಟೋ ಮಕ್ಕಳು ಅರ್ಜಿಯಲ್ಲಿ ಗೈರುಹಾಜರಿ ಎಂದು ಗುರುತು ಹಾಕಿ, ಪೋಸ್ಟಿನವನ ಕೈಯಿಂದ ಪದವಿ ತೆಗೆದುಕೊಂಡು, ಬೆಂಗಳೂರಿನ ರಾತ್ರಿ ಬಸ್ಸನ್ನೋ ಗಲ್ಫಿನ ವಿಮಾನವನ್ನೋ ಹತ್ತುತ್ತಾರೆ. ಮೂರು ತಾಲೂಕಿಗೆ ಸೇರಿ ವರ್ಷಕ್ಕೊಂದು ದಿನ ಕುಮಟಾದಲ್ಲೋ ಹೊನ್ನಾವರದಲ್ಲೋ ಕುಲಪತಿಗಳೇ ಇಳಿದು ಬಂದು ಆ ಕಾಗದವನ್ನು ಕೈಯಲ್ಲಿ ಕೊಡುವುದಾದರೆ, ಅವರು ತಮಗೆ ಇಷ್ಟವಾದ ಗೌನನ್ನೇ ಹಾಕಿಕೊಂಡು ಬರಲಿ, ಈ ಪ್ರಬಂಧಕಾರರ ತಕರಾರಿಲ್ಲ. ಮಳೆಗಾಲ ಬಿಟ್ಟು ಬನ್ನಿ, ಸೆಕೆ ಮಾತ್ರ ಇದ್ದೇ ಇರುತ್ತದೆ.