ಸೋಮವಾರ ಎತ್ತಿಗೂ ರಜೆ, ಮ್ಯೂಜಿಯಮ್ಮಿಗೂ ರಜೆ

ನಮ್ಮ ಪಡಸಾಲೆಯ ಮೊಳೆಗೆ ಹಳೇ ಕ್ಯಾಲೆಂಡರಿನ ಹಾಳೆಯೊಂದು ಜೋತುಬಿದ್ದಿದೆ. ಅದರ ಹಿಂಬದಿಗೆ ನನ್ನ ಅಕ್ಷರದಲ್ಲಿ ‘ಬೆಂಗಳೂರು – ಚಿತ್ರ ನೋಡುವುದು’ ಎಂದು ಬರೆದು, ಕೆಳಗೆ ಪಟ್ಟಿ ಶುರುವಾಗಿದೆ. ಎರಡು ವರ್ಷದಿಂದ ಪಟ್ಟಿ ಬೆಳೆಯುತ್ತಲೇ ಇದೆ. ನಾವು ಮಾತ್ರ ನರೇಗಲ್ ಬಸ್‌ಸ್ಟ್ಯಾಂಡ್ ದಾಟಿಲ್ಲ.

ಮೊದಲ ತೊಡಕು ತಲೆಬರಹದಲ್ಲೇ ಬಂತು.

“ಚಿತ್ರ ನೋಡಾಕ ಬೆಂಗಳೂರಿಗೆ ಯಾಕ ಹೋಗಬೇಕೋ ತಮ್ಮಾ? ಗದಗಿನ್ಯಾಗ ಟಾಕೀಸ್ ಇಲ್ಲೇನು?” ಎಂದಳು ಅವ್ವ.

ಸಿನಿಮಾ ಅಲ್ಲ, ಗೋಡೆಗೆ ತೂಗುಹಾಕಿದ ಚಿತ್ರ ಎಂದೆ. ಅವ್ವ ನಮ್ಮ ಗೋಡೆಯನ್ನೊಮ್ಮೆ ನೋಡಿದಳು. ಅಲ್ಲಿ ಬಸವಣ್ಣ, ಅಪ್ಪನ ಫೋಟೋ, ಗೊಬ್ಬರದಂಗಡಿಯವರು ಕೊಟ್ಟ ಲಕ್ಷ್ಮಿ, ಮೂರೂ ಇದ್ದವು. ಮತ್ತೇನೂ ಕೇಳಲಿಲ್ಲ. ಆದರೆ ಚಿತ್ರಕಲಾ ಪರಿಷತ್ತಿನವರು 2003ರಿಂದ ಪ್ರತಿವರ್ಷ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತಾರೆ ಎಂದಾಗ ‘ಸಂತೆ’ ಎಂಬ ಶಬ್ದಕ್ಕೆ ಕಿವಿ ನಿಮಿರಿತು. ದರ ಹೆಂಗ, ಚೌಕಾಶಿ ನಡೀತೈತೇನು, ಸಂಜಿಗೆ ಅಗ್ಗ ಮಾಡ್ತಾರೇನು ಎಂದೆಲ್ಲ ವಿಚಾರಿಸಿದಳು. ಸಂಜೆ ಹೊತ್ತಿಗೆ ಉಳಿದ ಚಿತ್ರ ಬಾಡುವುದಿಲ್ಲವಲ್ಲ, ಅಗ್ಗ ಯಾಕೆ ಮಾಡುತ್ತಾರೆ ಎಂದೆ. ಹಾಗಾದರೆ ಅದು ಸಂತೆಯೇ ಅಲ್ಲ ಎಂದು ಎದ್ದು ಹೋದಳು.

ಪಟ್ಟಿಯಲ್ಲಿ ಮೊದಲು ಬರೆದದ್ದು ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಮಾಣಿಕ್ಯವೇಲು ಅವರ ಹಳೇ ಬಂಗಲೆಯಲ್ಲಿ 2009ರಲ್ಲಿ ತೆರೆದದ್ದು. ಆಮೇಲೆ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ. ಕೆ. ವೆಂಕಟಪ್ಪನವರು ಮೈಸೂರು ಅರಮನೆಯ ಚಿತ್ರಗಾರರ ಮನೆತನದವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಕೈಯಲ್ಲಿ ಕಲಿತು ಬಂದು, ಊಟಿಯ ಗುಡ್ಡ, ಮಂಜುಗಳನ್ನು ಜಲವರ್ಣದಲ್ಲಿ ಬರೆದವರು. ವೀಣೆಯನ್ನೂ ನುಡಿಸುತ್ತಿದ್ದರು. ಅದೇ ರಸ್ತೆಯಲ್ಲಿ 2023ರಲ್ಲಿ ಇನ್ನೊಂದು ಹೊಸ ಕಲಾ ಮ್ಯೂಜಿಯಂ ತೆರೆದಿದೆ. ಮಗನ ಒತ್ತಾಯಕ್ಕೆ ಅದೂ ಪಟ್ಟಿಗೆ ಬಂತು. ಅವನಿಗೆ ನಿಜವಾಗಿ ಬೇಕಾಗಿರುವುದು ಪಕ್ಕದ ವಿಶ್ವೇಶ್ವರಯ್ಯ ಮ್ಯೂಜಿಯಮ್ಮಿನ ಯಂತ್ರಗಳು. ಅದನ್ನು ಅವನೂ ಹೇಳಿಲ್ಲ, ನಾನೂ ಕೇಳಿಲ್ಲ.

ನನ್ನ ಜೀವ ಇರುವುದು ಈ ಸಾಲಿನ ಕೆಂಪು ಕಟ್ಟಡದಲ್ಲಿ. 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯ ಅದು. ಅಲ್ಲಿ ಆತಕೂರಿನ ಕಲ್ಲಿದೆ. ಮಂಡ್ಯದ ಕಡೆಯ ಆತಕೂರಿಗೂ ನಮ್ಮ ನರೇಗಲ್ಲಿಗೂ ಏನು ಸಂಬಂಧ ಎಂದು ಹೆಂಡತಿ ಕೇಳಿದಳು. ಅವಳು ಹಾಗೆ ಕೇಳಲಿ ಎಂದೇ ನಾನು ಕಾಯುತ್ತಿದ್ದೆ. ನಮ್ಮೂರಲ್ಲಿ ಹತ್ತನೇ ಶತಮಾನದ ಒಂದು ದೊಡ್ಡ ಗುಡಿಯುಂಟು. ನಾರಾಯಣ ಗುಡಿ ಎನ್ನುತ್ತೇವೆ, ಮೂಲದಲ್ಲಿ ಅದು ಜೈನ ಬಸದಿ. ಕ್ರಿ.ಶ. 950ರಲ್ಲಿ ಅದನ್ನು ಕಟ್ಟಿಸಿದವಳು ಪದ್ಮಬ್ಬರಸಿ, ಗಂಗರ ಬೂತುಗನ ರಾಣಿ. ಅದೇ ಬೂತುಗ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ ತನ್ನ ಬಂಟ ಮಣಲೆರನಿಗೆ ‘ಏನು ಬೇಕೋ ಕೇಳು’ ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ‘ಕಾಳಿ’ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಈ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪ ಎಂದು ಬರೆಸಿದರು. ಗಂಡ ಅಲ್ಲಿ ನಾಯಿ ಕೊಟ್ಟ, ಹೆಂಡತಿ ಇಲ್ಲಿ ಬಸದಿ ಕಟ್ಟಿಸಿದಳು. ಹೆಚ್ಚುಕಡಿಮೆ ಒಂದೇ ವರ್ಷದ ಮಾತು.

“ಇಬ್ಬರೂ ಬ್ಯಾರೆ ಬ್ಯಾರೆ ಖರ್ಚು ಮಾಡ್ಯಾರ,” ಎಂದಳು ನನ್ನ ಹೆಂಡತಿ. ಇತಿಹಾಸಕಾರರು ಯಾರೂ ಹೀಗೆ ಹೇಳಿದ್ದನ್ನು ನಾನು ಓದಿಲ್ಲ.

ಈ ಕಥೆಗೆ ಅಲ್ಲಾಡಿದವನು ತಮ್ಮ. ಅವನು ಹೊಲದವನು, ಗೋಡೆಯ ಚಿತ್ರಕ್ಕೆ ರೈಲು ಹತ್ತುವವನಲ್ಲ. ನೋಡುವುದು ಗೊತ್ತಿಲ್ಲವೆಂದಲ್ಲ. ಜಾತ್ರೆಯಲ್ಲಿ ಎತ್ತು ನೋಡುವಾಗ ಅವನನ್ನು ಕಾಣಬೇಕು. ಮೊದಲು ದೂರ ನಿಲ್ಲುತ್ತಾನೆ. ಒಂದು ಸುತ್ತು ಹಾಕುತ್ತಾನೆ. ಬಾಯಿ ಬಿಡಿಸಿ ಹಲ್ಲು ಎಣಿಸಿ, ಇಣಿ ಮುಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ದೂರ ಹೋಗಿ ಕಣ್ಣು ಸಣ್ಣ ಮಾಡುತ್ತಾನೆ. ಅರ್ಧ ತಾಸು ಹೀಗೆ ನೋಡಿ ಕೊನೆಗೆ ಕೊಳ್ಳುವುದೂ ಇಲ್ಲ. ಇಷ್ಟು ಹೊತ್ತು ಒಂದು ಚಿತ್ರದ ಮುಂದೆ ನಿಂತವರನ್ನು ನಾನು ಯಾವ ಗ್ಯಾಲರಿಯಲ್ಲೂ ಕಂಡಿಲ್ಲ. ಹಲ್ಲು ಎಣಿಸದಂತೆ ಅವನನ್ನು ತಡೆದರೆ ಸಾಕು, ಊಟಿಯ ಮಂಜು ಅವನಿಗೆ ನನಗಿಂತ ಚೆನ್ನಾಗಿ ಕಂಡೀತು.

“ಸೋಮವಾರಾದ್ರ ಬರ್ತೀನಣ್ಣ,” ಎಂದ.

ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತು ಹೂಡುವುದಿಲ್ಲ. ಭಾನುವಾರ ರಾತ್ರಿ ಗದಗಿನಲ್ಲಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ, ಸೋಮವಾರ ನೋಡಿ, ಮಂಗಳವಾರ ಬೆಳಗ್ಗೆ ಹೊಲದಲ್ಲಿರುವುದು ಅವನ ಲೆಕ್ಕ. ಪಟ್ಟಿಯಲ್ಲಿದ್ದ ಒಂದೊಂದನ್ನೇ ವಿಚಾರಿಸಿದೆ. ಆಧುನಿಕ ಗ್ಯಾಲರಿಗೆ ಸೋಮವಾರ ರಜೆ. ಹೊಸ ಮ್ಯೂಜಿಯಮ್ಮಿಗೆ ಸೋಮವಾರ ರಜೆ. ಕೆಂಪು ಕಟ್ಟಡಕ್ಕೂ ಸೋಮವಾರ ರಜೆ.

“ಅವರೂ ಬಸವಣ್ಣನ ಭಕ್ತರ ಏನು?” ಎಂದು ಅವ್ವ ಮೊದಲ ಸಲ ಮ್ಯೂಜಿಯಮ್ಮುಗಳ ಬಗ್ಗೆ ಗೌರವದಿಂದ ಮಾತಾಡಿದಳು.

ಹಾಗಾಗಿ ವಾರ ಬಿಟ್ಟು ಮಳೆ ಹಿಡಿದೆವು. ಹೆಸರು ಬಿಡಿಸಿದ ಮೇಲೆ, ಹಿಂಗಾರಿ ಜೋಳ ಬಿತ್ತುವುದರೊಳಗೆ, ಹುಬ್ಬಿ ಮಳೆಗೂ ಉತ್ತರಿ ಮಳೆಗೂ ನಡುವೆ ಒಂದು ಬುಧವಾರ. ಹೋದ ವರ್ಷ ಹುಬ್ಬಿ ಬಿಡಲೇ ಇಲ್ಲ. ಹೆಸರು ಗಿಡದಲ್ಲೇ ಮೊಳಕೆಯೊಡೆಯಿತು. ಆ ಬುಧವಾರ ನಾವೆಲ್ಲ ಅಂಗಳದಲ್ಲಿ ತಾಡಪಾಲು ಹಿಡಿದು ನಿಂತಿದ್ದೆವು.

ಈ ವರ್ಷ ಬುತ್ತಿಯವರೆಗೆ ಬಂದಿದ್ದೇವೆ. ಕಟಕ ರೊಟ್ಟಿ ಇಪ್ಪತ್ತು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದ್ಲಿ. ಬ್ಯಾಗು ಬಾಗಿಲಲ್ಲೇ ಇಸಿದುಕೊಂಡು ಟೋಕನ್ ಕೊಡುತ್ತಾರೆ ಎಂದೆ. ರೊಟ್ಟಿಗೂ ಟೋಕನ್ನೇ ಎಂದು ಹೆಂಡತಿ ಬಹಳ ಹೊತ್ತು ಯೋಚಿಸಿದಳು. ಕಬ್ಬನ್ ಪಾರ್ಕು ಹಿಂದುಗಡೆಯೇ ಇದೆ, ಮೊದಲು ಉಂಡು ಆಮೇಲೆ ಒಳಗೆ ಹೋಗುವುದೆಂದು ತೀರ್ಮಾನವಾಯಿತು. ಕಾಳಿಯ ಕಲ್ಲಿನ ಮುಂದೆ ಹೊಟ್ಟೆ ತುಂಬಿಸಿಕೊಂಡು ನಿಂತರೆ ಪೂಜಾರಿಯ ಪಾಪ ನಮಗೆ ತಟ್ಟೀತೇ ಎಂಬುದನ್ನು ನಾನು ಬಾಯಿ ಬಿಟ್ಟು ಕೇಳಲಿಲ್ಲ.

ಮೊನ್ನೆ ಟಿಕೆಟ್ ಮಾಡಿಸಲು ಹೊರಟಾಗ ತಮ್ಮ ಬಾಗಿಲಲ್ಲಿ ತಡೆದ. ಅವನ ಹಿಂದೆ ಅವನ ನಾಯಿ. ಹೊಲಕ್ಕೆ ಬಂದ ಚಿಗರಿ ಹಿಂಡಿನ ಬೆನ್ನು ಹತ್ತಿ, ಒಂದನ್ನೂ ಮುಟ್ಟಲಾಗದೆ, ಕರಿಮಣ್ಣು ಮೆತ್ತಿದ ಕಾಲಲ್ಲಿ ಏದುಸಿರು ಬಿಡುತ್ತಾ ನಿಂತಿತ್ತು.

“ಎಲ್ಲಾರೂ ಹೋದ್ರ ಇದಕ್ಕ ಎರಡು ದಿನ ರೊಟ್ಟಿ ಹಾಕವ್ರು ಯಾರಣ್ಣಾ?”

ಒಳಗೆ ಹೋಗಿ, ಪಟ್ಟಿಯ ಕೊನೆಗೆ ಅದನ್ನೂ ಬರೆದೆ.