ಐದು ಸ್ಟಾರ್ ಒತ್ತಿ ಸಾರ್, ಕಾಫಿಪುಡಿ ಫ್ರೀ

ಏಪ್ರಿಲ್‌ನಲ್ಲಿ ಜೋಗಕ್ಕೆ ಹೋಗುತ್ತಾರೆ. ನೀರಿಲ್ಲ. ತಕ್ಷಣ ಮೊಬೈಲ್ ತೆಗೆದು ಒಂದೇ ಸ್ಟಾರ್ ಒತ್ತುತ್ತಾರೆ: ‘ವೇಸ್ಟ್ ಪ್ಲೇಸ್.’ ಶರಾವತಿಯನ್ನು ಲಿಂಗನಮಕ್ಕಿಯಲ್ಲಿ ಕಟ್ಟಿಹಾಕಿ 1964ಕ್ಕೇ ಕರೆಂಟಿಗೆ ಕಳಿಸಿಯಾಗಿದೆ. ಅದೇ ಕರೆಂಟಿನಲ್ಲಿ ಚಾರ್ಜ್ ಆದ ಮೊಬೈಲಿನಿಂದ 253 ಮೀಟರ್ ಬಂಡೆಯನ್ನು ಫೇಲ್ ಮಾಡುತ್ತಾರೆ.

ಯಾಕಪ್ಪಾ ಬರೀತೀಯಾ ಅಂದರೆ, ‘ಮುಂದೆ ಬರೋರಿಗೆ ಅನುಕೂಲ ಆಗ್ಲಿ ಅಂತ.’ ಮುಂದೆ ಬರುವವನಿಗೆ ಬೇಕಾದದ್ದು ಎರಡೇ. ಶೌಚಾಲಯದಲ್ಲಿ ನೀರು ಬರುತ್ತದಾ? ಕೊನೇ ಬಸ್ಸು ಎಷ್ಟು ಗಂಟೆಗೆ? ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆಯುತ್ತಾರೆ. ‘ಆಸಮ್ ವ್ಯೂ’ ಎಂದು ಗೀಚಿ ತಮ್ಮದೇ ಮುಖದ ಫೋಟೋ ಹಾಕುತ್ತಾರೆ. ವ್ಯೂ ಬೆನ್ನ ಹಿಂದೆ ಎಲ್ಲೋ ಇದೆ.

ಈ ಪರೋಪಕಾರದ ದರಪಟ್ಟಿ ಗೂಗಲ್ ಬಳಿ ಇದೆ. ಲೋಕಲ್ ಗೈಡ್ ಆದರೆ ಒಂದು ವಿಮರ್ಶೆಗೆ 10 ಪಾಯಿಂಟ್. 200 ಅಕ್ಷರ ದಾಟಿದರೆ ಇನ್ನೂ 10. ಫೋಟೋಗೆ 5. ಲಕ್ಷ ಪಾಯಿಂಟ್ ಆದರೆ ಹತ್ತನೇ ಲೆವೆಲ್. ಸಂಬಳವಿಲ್ಲ, ಸಾರಿಗೆ ಭತ್ಯೆಯಿಲ್ಲ, ಹೆಸರಿನ ಪಕ್ಕ ಒಂದು ಬಿಲ್ಲೆ. ಗುಣಮಟ್ಟ ಎಂದರೆ 201 ಅಕ್ಷರ.

ಮಲೆನಾಡಿನ ಹೋಂಸ್ಟೇ ಒಂದರಲ್ಲಿ ಬಿಲ್ಲಿನ ಜೊತೆಗೇ ಕ್ಯೂಆರ್ ಕೋಡ್ ಬಂತು. ‘ಐದು ಸ್ಟಾರ್ ಒತ್ತಿ ಸಾರ್, ನಮ್ಮ ಹುಡುಗನ ಹೆಸರೂ ಹಾಕಿ, ಕಾಫಿಪುಡಿ ಫ್ರೀ.’ ಬಿಸಿನೀರು ಬರಲಿಲ್ಲವೆಂದು ಬೆಳಿಗ್ಗೆಯಷ್ಟೇ ಕೂಗಾಡಿದ್ದ ಪಕ್ಕದ ರೂಮಿನವರು ನಿಂತಲ್ಲೇ ಐದೂ ಒತ್ತಿದರು. ‘ಎಕ್ಸಲೆಂಟ್ ಹಾಸ್ಪಿಟಾಲಿಟಿ.’ ಕಾಲು ಕೆಜಿ ಪುಡಿಗೆ ನಾಲಿಗೆ ಮಾರಾಟ. ಸೀರೆ ಇಸಕೊಂಡು ವೋಟು ಹಾಕುವವರಿಂದ ದೇಶ ಹಾಳಾಯಿತು ಎಂದು ತಿಂಡಿ ತಿನ್ನುತ್ತಾ ಭಾಷಣ ಬಿಗಿದವರೂ ಇವರೇ.

ಸರ್ಕಾರ ಸುಮ್ಮನೆ ಕೂತಿಲ್ಲ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ತಂದಿತು. ಕಾಸು ಕೊಟ್ಟು ಬರೆಸಿದ ವಿಮರ್ಶೆ ಪ್ರಕಟಿಸಕೂಡದು ಎಂದಿತು. ಪಾಲಿಸುವುದು ಮಾತ್ರ ಅವರವರ ಇಷ್ಟ ಎಂದಿತು. ಕಳ್ಳರೇ, ದಯವಿಟ್ಟು ಕಳ್ಳತನವನ್ನು ಸ್ವಇಚ್ಛೆಯಿಂದ ಬಿಟ್ಟುಬಿಡಿ.

ನಿಜವಾಗಿ ವಿವರವಾಗಿ ಬರೆಯುವವನು ಒಬ್ಬನೇ: ಮೈಯೆಲ್ಲ ಉರಿದವನು. ರೂಮ್ ನಂಬರ್, ತಾರೀಖು, ಹಾಸಿಗೆಯ ಹೊಲಿಗೆಯಲ್ಲಿ ಸಾಲುಗಟ್ಟಿದ ತಿಗಣೆಯ ಕ್ಲೋಸಪ್, ಎಲ್ಲ ಹಾಕುತ್ತಾನೆ. ಇಂಥದ್ದು ಬೇಕಿತ್ತು ಎಂದು ನಾವು ಖುಷಿಪಡುವಷ್ಟರಲ್ಲಿ ಓನರ್ ಫೋನ್ ಮಾಡುತ್ತಾನೆ. ಅರ್ಧ ಬಿಲ್ ವಾಪಸ್. ಕೂಡಲೇ ತಿಗಣೆ ಮಾಯ. ವಿಮರ್ಶೆಯಿಂದ, ಹಾಸಿಗೆಯಿಂದಲ್ಲ.

ಅದೇ ರೂಮನ್ನು, 4.6 ರೇಟಿಂಗ್ ನೋಡಿ, ನೀವು ಈ ಶನಿವಾರಕ್ಕೆ ಬುಕ್ ಮಾಡಿದ್ದೀರಿ.